ಡ್ಯಾಂಪರ್ ಬದಲಿಸುವ ಮೊದಲು ಜೀಪಿನ ಕೆಳಗೆ ಬಗ್ಗಿ ನೋಡಿ

ಚಾಂಪಿಯನ್ ರೀಫ್ಸ್‌ನ ಗಣಿ 2001ರಲ್ಲಿ ಮುಚ್ಚಿತು. ಊರಿನ ಹಳೇ ಜೀಪುಗಳು ಮಾತ್ರ ಇನ್ನೂ ಓಡುತ್ತಿವೆ. ಸುದ್ದಿಗೆಂದು ನಾವು ಬಂಗಾರಪೇಟೆ ಕಡೆಯ ಹಳ್ಳಿಗಳಿಗೆ ಹೋಗುವುದೂ ಅಂಥದ್ದೊಂದು ಬಾಡಿಗೆ ಜೀಪಿನಲ್ಲೇ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ರೋಗ ಬಂತು. 50 ಕಿ.ಮೀ. ವೇಗದಲ್ಲಿ ಚಕ್ರ ಗುಂಡಿಗೆ ಇಳಿದರೆ ಸಾಕು, ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹಿಂದೆ ಕೂತವರು ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರು.

'ಡ್ಯಾಂಪರ್ ಹೋಗಿದೆ ಅಣ್ಣ, ಹೊಸದು ಹಾಕ್ಸಿ' ಎಂದರು ಒಂದು ಗ್ಯಾರೇಜಿನಲ್ಲಿ. ಡ್ರೈವರಣ್ಣ ಹಾಕಿಸಿದರು, ನಡುಕ ನಿಂತಿತು. ಎರಡೇ ತಿಂಗಳಲ್ಲಿ ಮತ್ತೆ ಶುರು. ಬೇರೆ ಮೆಕ್ಯಾನಿಕ್ ಜಾಕಿ ಕೊಟ್ಟು ನೋಡಿದರೆ ಕಿಂಗ್ ಪಿನ್ ಬೇರಿಂಗ್ ಸವೆದಿತ್ತು, ಟೈ ರಾಡ್ ಎಂಡ್ ಸಡಿಲವಾಗಿತ್ತು. ಅದು ಕಳಚಿದ್ದರೆ ಒಂದು ಚಕ್ರ ಸ್ಟೀರಿಂಗ್ ಮಾತೇ ಕೇಳುತ್ತಿರಲಿಲ್ಲ.

ಹಳೇ ಮಹೀಂದ್ರ ಜೀಪು, ಮಾರುತಿ ಜಿಪ್ಸಿಗಳಲ್ಲಿ ಮುಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿರುತ್ತವೆ. ಒಂದು ಚಕ್ರ ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಜಾಯಿಂಟ್‌ಗಳಲ್ಲಿ ಆಟ ಇದ್ದರೆ ಆ ಅಲುಗಾಟ ನಿಲ್ಲದೆ ಬೆಳೆಯುತ್ತದೆ. ಡ್ಯಾಂಪರ್ ಎಂದರೆ ಅಡ್ಡಲಾಗಿ ಕೂರಿಸಿದ ಶಾಕ್ ಅಬ್ಸಾರ್ಬರ್. ಗುಂಡಿಯ ಪೆಟ್ಟನ್ನು ಅದು ತಗ್ಗಿಸುತ್ತದೆ. ಸವೆದ ಭಾಗವನ್ನು ಸರಿ ಮಾಡುವುದಿಲ್ಲ. ಜ್ವರದ ಮಾತ್ರೆ ನುಂಗಿ ಗಾಯ ಮರೆತ ಹಾಗೆ.

ನೀವೇ ನೋಡಬಹುದು. ಮೊದಲು ಗಾಳಿ ಎರಡೂ ಕಡೆ ಸಮ ಇದೆಯಾ, ರಿಮ್ ಒಳಗೆ ಕೆಸರು ಒಣಗಿ ಅಂಟಿದೆಯಾ ನೋಡಿ. ಒಂದೇ ಕಡೆ ಮೆತ್ತಿದ ಕೆಸರೂ ಚಕ್ರದ ತೂಕ ತಪ್ಪಿಸುತ್ತದೆ. ಆಮೇಲೆ ಇಂಜಿನ್ ನಿಲ್ಲಿಸಿ, ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಮುಂದೆ ಬಗ್ಗಿ ಯಾವ ಜಾಯಿಂಟ್ ಸಡಿಲ ಎಂದು ನೋಡಲಿ. ಕೊನೆಗೆ ಆಕ್ಸಲ್ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಟಯರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ ಕಡೆ ಅನುಮಾನ. ಬರೀ ಜಾಕಿ ನಂಬಿ ಗಾಡಿ ಕೆಳಗೆ ನುಗ್ಗಬೇಡಿ.

ಓಡಿಸುವಾಗಲೇ ನಡುಕ ಬಂದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ಬದಿಗೆ ತನ್ನಿ. ಬ್ರೇಕ್ ಜೋರಾಗಿ ತುಳಿಯಬೇಡಿ.

ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಹತ್ತು ಜನ ಕೂರುವ ಗಾಡಿ ಇದು. ಗ್ಯಾರೇಜಿನಲ್ಲಿ ಡ್ಯಾಂಪರ್ ಎಂದ ಕೂಡಲೇ 'ಆಟ ಎಲ್ಲಿದೆ, ತೋರ್ಸಿ' ಎಂದು ಕೇಳಿ. ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ.