ಬಿಗಿಯುವ ಹಗ್ಗ, ಬಿಡುವ ಕೈ

ಹಗ್ಗ ಅಂದರೆ ನನಗೆ ಪ್ರಾಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಹಗ್ಗದ ಸಹವಾಸ ನಡೆಯಲು ಕಲಿತಾಗಿನಿಂದಲೇ ಶುರು. ಕರು ಕಟ್ಟುವ ಕಣ್ಣಿ, ಬಾವಿಯ ಹಗ್ಗ, ಹುಲ್ಲಿನ ಹೊರೆಗೆ ಬಿಗಿಯುವ ಹುರಿ, ಎಳನೀರಿನ ಗೊನೆ ಇಳಿಸುವ ಮಿಣಿ, ಒಂದೊಂದಕ್ಕೂ ಒಂದೊಂದು ದಪ್ಪ, ಒಂದೊಂದು ಗಂಟು. ಈ ಪ್ರೀತಿಯೇ ಮುಂದೆ ನನ್ನನ್ನು ನೀರಿನವರೆಗೂ ಎಳೆದುಕೊಂಡು ಹೋಯಿತು. ಈಗ ಬಿಡುವು ಸಿಕ್ಕಾಗಲೆಲ್ಲ ಕನ್ನಂಬಾಡಿ ಹಿನ್ನೀರಿಗೆ ಹೋಗಿ ಗೆಳೆಯನ ಪುಟ್ಟ ಕ್ಯಾಟಮರಾನ್ ದೋಣಿಗೆ ಹಾಯಿ ಕಟ್ಟುತ್ತೇನೆ. ಅದರಲ್ಲೂ ಮುಂದಿನ ಜಿಬ್ ಹಾಯಿಗೆ ಹಗ್ಗ ಹಾಯಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸೇ ಬರುವುದಿಲ್ಲ.

ನಮ್ಮ ಸೀಮೆಯಲ್ಲಿ ಹಗ್ಗದ ಹುಟ್ಟು ಅಟ್ಟದ ಮೇಲೆ. ಉಂಡೆ ಕೊಬ್ಬರಿಗೆಂದು ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. 8ರಿಂದ 12 ತಿಂಗಳು ಅಲ್ಲೇ ಕೂತ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ, ಒಣಗಿ ಕಂದಾದ ಮಟ್ಟೆ ಹಿತ್ತಲಿಗೆ ಬೀಳುತ್ತದೆ. ಕೇರಳದಲ್ಲಿ ಹಸಿ ಮಟ್ಟೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿ ತೆಗೆಯುವ ಬಿಳಿ ನಾರು ಮೆದು, ಹೊಸೆಯಲು ಸಲೀಸು. ನಮ್ಮ ಬಲಿತ ಕಾಯಿಯ ನಾರು ಒರಟು, ಗಡುಸು. ನೆನೆಹಾಕಿ, ಕೊಡತಿಯಲ್ಲಿ ಬಡಿದು, ಪುಡಿ ಕೊಡವಿ, ಎಳೆ ಬಿಡಿಸಿಕೊಂಡರೆ ಕೈಗೆ ಬರುತ್ತದೆ. ಈಗ ಈ ಕೆಲಸ ಬಹುಪಾಲು ಯಂತ್ರಗಳ ಪಾಲಾಗಿದೆ. ಆದರೂ ಒಂದು ಮಾರು ಹುರಿ ಬೇಕಾದರೆ ನಾನು ಈಗಲೂ ಜಗುಲಿಯ ಮೇಲೆ ಕೂತು ಹೊಸೆಯುತ್ತೇನೆ.

ಆ ಹೊಸೆಯುವಿಕೆಯನ್ನು ಹತ್ತಿರದಿಂದ ನೋಡಬೇಕು. ನಾರಿನ ಎರಡು ಎಳೆಗಳನ್ನು ಅಂಗೈಗಳ ನಡುವೆ ಪಕ್ಕಪಕ್ಕ ಇಟ್ಟು ಉಜ್ಜಿದರೆ ಎರಡೂ ಒಂದೇ ದಿಕ್ಕಿಗೆ ಹುರಿಗೊಳ್ಳುತ್ತವೆ. ಹುರಿಗೊಂಡ ಎಳೆಗೆ ಬಿಚ್ಚಿಕೊಳ್ಳುವ ಹಟ. ಎರಡನ್ನೂ ಒಟ್ಟಿಗೆ ಸೇರಿಸಿ ಸಡಿಲ ಬಿಟ್ಟರೆ ಆ ಹಟವೇ ಅವನ್ನು ಎದುರು ದಿಕ್ಕಿಗೆ ತಿರುಗಿಸಿ ಒಂದರ ಮೇಲೊಂದು ಸುತ್ತಿಸುತ್ತದೆ. ಬಿಚ್ಚಿಕೊಳ್ಳಲು ಹೊರಟ ಬಲವೇ ಹಗ್ಗವನ್ನು ಬಿಗಿದಿಡುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ತಾತ ಪಕ್ಕದಲ್ಲಿ ಕೂತು, "ಎರಡು ಎಳೆನೂ ಒಂದೇ ದಪ್ಪ ಇರ್ಬೇಕು ಕಣೋ ಮಗ. ಇಲ್ದಿದ್ರೆ ದಪ್ಪಂದು ನೆಟ್ಟಗೆ ನಿಂತ್ಕಂತದೆ, ಸಣ್ಣದು ಅದರ ಮೈಮೇಲೆ ಸುತ್ಕಂತದೆ. ಭಾರ ಬಿದ್ರೆ ಒಂದೇ ಎಳೆ ಹೊರ್ಬೇಕಾಗ್ತದೆ" ಅನ್ನುತ್ತಿದ್ದರು. ಎಳೆ ಸವೆಯುತ್ತ ಬಂದ ಕಡೆ ಹೊಸ ನಾರು ಸೇರಿಸುವುದರಲ್ಲೂ ಜಾಣತನ ಬೇಕು. ಎರಡು ಎಳೆಗೂ ಒಂದೇ ಜಾಗದಲ್ಲಿ ಸೇರಿಸಿದರೆ ಅಲ್ಲೇ ಹಗ್ಗ ಸೋಲುತ್ತದೆ.

ಬಿಗಿಯುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ ಎಂಬುದನ್ನು ಕಲಿಸಿದ್ದು ತೋಟ. ಎಳನೀರಿನ ಗೊನೆಯನ್ನು ಮೇಲಿಂದ ಎಸೆದರೆ ಕಾಯಿ ಒಡೆಯುತ್ತದೆ, ಅದಕ್ಕೇ ಹಗ್ಗದಲ್ಲಿ ಇಳಿಸುವುದು. ಹಗ್ಗವನ್ನು ಒಂದೆರಡು ಸುತ್ತು ಮರಕ್ಕೆ ಸುತ್ತಿ ಹಿಡಿದರೆ ಭಾರವಾದ ಗೊನೆಯನ್ನೂ ಒಂದೇ ಕೈ ತಡೆಯುತ್ತದೆ. ಸುತ್ತು ಒಂದೊಂದು ಹೆಚ್ಚಿದಂತೆ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ. ಕೈ ಸಡಿಲಿಸಿದಷ್ಟೇ ಗೊನೆ ಇಳಿಯುತ್ತದೆ. ಕರುವಿನ ಕೊರಳಿಗೆ ಹಾಕುವ ಕುಣಿಕೆ ಎಷ್ಟು ಎಳೆದರೂ ಬಿಗಿದುಕೊಳ್ಳಬಾರದು. ಗೂಟಕ್ಕೆ ಹಾಕುವ ಗಂಟು ಕರು ಎಳೆದರೆ ಬಿಚ್ಚಬಾರದು, ನಾವು ತುದಿ ಎಳೆದರೆ ಬಿಚ್ಚಬೇಕು.

ತೆಂಗಿನ ನಾರಿಗಂತೂ ಬಿಡುವ ಗುಣ ಹುಟ್ಟಿನಿಂದಲೇ ಬಂದಿದೆ. ಹರಿಯುವ ಮುಂಚೆ ಅದು ಬೇರೆ ನಾರುಗಳಿಗಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ. ನಾರಿಗೆ ಗಡುಸು ಕೊಡುವ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಉಪ್ಪುನೀರಿಗೂ ಬೇಗ ಕೊಳೆಯುವುದಿಲ್ಲ. ಹಿಂದೂ ಮಹಾಸಾಗರದ ಹಳೆಯ ಹಡಗುಗಳ ಹಲಗೆಗಳನ್ನು ಈ ನಾರಿನಿಂದಲೇ ಹೊಲಿಯುತ್ತಿದ್ದರು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಇದನ್ನು ಕಂಡು ಬರೆದಿದ್ದಾನೆ. ಅಂಥ ಹಡಗು ಅಲೆಯ ಹೊಡೆತಕ್ಕೆ ಸ್ವಲ್ಪ ಮಣಿದು ಉಳಿದುಕೊಳ್ಳುತ್ತದೆ. 1980ರಲ್ಲಿ ಸಾಹಸಯಾತ್ರಿ ಟಿಮ್ ಸೆವೆರಿನ್ ಹೀಗೆ ಹೊಲಿದ 'ಸೊಹಾರ್' ಹಡಗಿನಲ್ಲಿ ಒಮಾನ್‌ನಿಂದ ಹೊರಟು ಮರುವರ್ಷ ಚೀನಾ ಮುಟ್ಟಿದರು. ನಮ್ಮ ಕಾರವಾರದ ನೌಕಾನೆಲೆಯಲ್ಲೇ 2025ರ ಮೇ 21ರಂದು ಭಾರತೀಯ ನೌಕಾಪಡೆಗೆ 'ಕೌಂಡಿನ್ಯ' ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನಿಂದ ಹೊಲಿದ ಹಡಗು ಅದು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ನಮ್ಮ ಹಿತ್ತಲಿನಲ್ಲಿ ಬಿದ್ದಿರುವ ಮಟ್ಟೆಯ ಕುಲ ಎಂಥದ್ದು ಎಂದು ಅಂದು ನನಗೆ ಎದೆಯುಬ್ಬಿ ಬಂತು.

ಇನ್ನು ದೋಣಿಯ ವಿಷಯ. ಹೋಬಿ 16 ಅನ್ನುವ ಈ ಕ್ಯಾಟಮರಾನ್ ಅಮೆರಿಕದ ಹೋಬಿ ಆಲ್ಟರ್ ರೂಪಿಸಿದ್ದು. ಉದ್ದ 5 ಮೀಟರು ಚಿಲ್ಲರೆ. ಎರಡು ಸಪೂರ ಒಡಲು, ನಡುವೆ ಬಿಗಿದು ಕಟ್ಟಿದ ಹಾಸು, ಅದರ ಮೇಲೆ ನಾವು. ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ದಡದಲ್ಲಿ ನಿಲ್ಲಿಸಿಕೊಂಡು ಕೆಲಸ ಶುರು ಮಾಡಬೇಕು. ಜಿಬ್ ಅಂದರೆ ಕೂವೆಮರದ ಮುಂದಿನ ಸಣ್ಣ ಮುಮ್ಮೂಲೆ ಹಾಯಿ. ಅದರ ಹಿಂದಿನ ಕೆಳತುದಿಯನ್ನು ಎಡಕ್ಕೋ ಬಲಕ್ಕೋ ಎಳೆದು ಹಿಡಿಯುವ ಹಗ್ಗವೇ ಶೀಟ್. ಎರಡು ಕಡೆಗೂ ಸೇರಿ ಒಂದೇ ಉದ್ದನೆಯ ಹಗ್ಗ.

ಮುಂದಿನ ಅಡ್ಡತೊಲೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ರಾಟೆ, ಅದರ ಪಕ್ಕದಲ್ಲೇ ಹಗ್ಗ ಕಚ್ಚಿ ಹಿಡಿಯುವ ಹಲ್ಲುಗಳ ಜೋಡಿ. ಹಾಯಿಯ ಆ ಕೆಳತುದಿಯಲ್ಲಿ ಇನ್ನೆರಡು ರಾಟೆ. ಹಗ್ಗದ ತುದಿಯನ್ನು ಎಡ ರಾಟೆಯ ಕೊಂಡಿಗೆ ಕಟ್ಟುತ್ತೇನೆ. ಬಿಗಿದುಕೊಳ್ಳದ ಅದೇ ಕರುವಿನ ಕುಣಿಕೆ ಇಲ್ಲೂ ಸಲ್ಲುತ್ತದೆ, ದೋಣಿಯವರು ಅದಕ್ಕೆ ಬೋಲೈನ್ ಅನ್ನುತ್ತಾರೆ. ಅಲ್ಲಿಂದ ಹಗ್ಗ ಮೇಲೆ ಹೋಗಿ ಹಾಯಿತುದಿಯ ರಾಟೆಯಲ್ಲಿ ತೂರಿ, ಕೆಳಗಿಳಿದು ತೊಲೆಯ ರಾಟೆಯಲ್ಲಿ ಹಾಯ್ದು, ಹಲ್ಲುಗಳ ನಡುವಿನಿಂದ ಹೊರಬರುತ್ತದೆ. ಹೀಗೆ ಹೋಗಿ ಬರುವುದರಿಂದ ಕೈಗೆ ಅರ್ಧ ಭಾರ ಮಾತ್ರ, ಬದಲಿಗೆ ಎರಡರಷ್ಟು ಹಗ್ಗ ಎಳೆಯಬೇಕು. ಆಮೇಲೆ ಹಾಸಿನ ಮೇಲೆ ಅದನ್ನು ಬಲಗಡೆಗೆ ತಂದು ಅದೇ ದಾರಿಯನ್ನು ಹಿಂದುಮುಂದಾಗಿ ಮುಗಿಸಿದರೆ ಆಯಿತು. ಹಗ್ಗ ತಿರುಚಿಕೊಂಡಿದ್ದರೆ ರಾಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ತುದಿಯಿಂದ ತುದಿಗೆ ಬೆರಳ ಸಂದಿಯಲ್ಲಿ ಜಾರಿಸಿ ನೋಡುತ್ತೇನೆ. ಕೆಲಸವಿಲ್ಲದ ಕಡೆಯ ಹಗ್ಗ ಕೂವೆಯ ಮುಂದೆಯೇ ಬಳಸಿ ಬಂದಿರಬೇಕು, ಇಲ್ಲದಿದ್ದರೆ ಹಾಯಿ ಆಚೆ ದಾಟುವುದಿಲ್ಲ. ಕೊನೆಗೆ ಹಗ್ಗವನ್ನು ಹಲ್ಲಿಗೆ ಕಚ್ಚಿಸಿ, ಮೇಲಕ್ಕೆತ್ತಿ ಬಿಡಿಸಿ ಪರೀಕ್ಷೆ ಮಾಡುತ್ತೇನೆ. ಒಮ್ಮೆಲೇ ಬಿರುಗಾಳಿ ಬಡಿದಾಗ ಮಣಿಕಟ್ಟಿನ ಒಂದೇ ಎತ್ತಿಗೆ ಹಗ್ಗ ಬಿಡಬೇಕು.

ಈ ಹಗ್ಗ ಪಾಲಿಯೆಸ್ಟರಿನದು, ಹೆಣೆದದ್ದು, ನುಣುಪು. ಹಿಗ್ಗುವುದೇ ಇಲ್ಲ ಅನ್ನಬಹುದು. ಹಿಗ್ಗಿದರೆ ಗಾಳಿ ಬಂದಾಗ ಹಾಯಿಯ ಆಕಾರವೇ ಕೆಟ್ಟೀತು. ನಾರಿನ ಹಗ್ಗದಲ್ಲಿ ಮಣಿಯುವ ಗುಣ ಎಳೆಯಲ್ಲೇ ಇದೆ, ಇದರಲ್ಲಿ ಅದು ಪೂರ್ತಿ ಹಿಡಿದವರ ಕೈಗೆ ಬಂದಿದೆ. ಗಾಳಿ ಹೆಚ್ಚಿದಾಗ ಎಷ್ಟು ಬಿಡಬೇಕು, ಯಾವಾಗ ಮತ್ತೆ ಎಳೆಯಬೇಕು ಎಂಬುದೆಲ್ಲ ಅಂಗೈಯ ಲೆಕ್ಕ. ದೋಣಿ ದಿಕ್ಕು ಬದಲಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಗುರವಾದ, ಎರಡು ಒಡಲಿನ ಈ ದೋಣಿ ಗಾಳಿಗೆ ಎದುರಾಗಿ ತಿರುಗುವಾಗ ನಡುವೆಯೇ ನಿಂತುಬಿಡುವುದುಂಟು. ಆಗ ಜಿಬ್ ಬಿಡಲು ಅವಸರ ಮಾಡಬಾರದು. ಹಳೆಯ ಕಡೆಯಲ್ಲೇ ಹಿಡಿದಿದ್ದರೆ ಗಾಳಿ ಅದರ ಬೆನ್ನಿಗೆ ತಾಕಿ ಮೂತಿಯನ್ನು ಆಚೆಗೆ ತಳ್ಳುತ್ತದೆ. ಮೂತಿ ಗಾಳಿ ದಾಟಿತು ಅನ್ನುವಾಗ ಈ ಕಡೆ ಬಿಟ್ಟು ಆ ಕಡೆ ಎಳೆದುಕೊಂಡರೆ ದೋಣಿ ಚಂಗನೆ ಮುಂದೆ ಹಾರುತ್ತದೆ. ಆ ಒಂದು ಬಿಡುವಿಕೆಗಾಗಿಯೇ ದಡದಲ್ಲಿ ಅಷ್ಟು ಹೊತ್ತು ಹಗ್ಗ ಹಾಯಿಸಿದ್ದು.

ನಮ್ಮ ಮೂರು ತಾಲ್ಲೂಕಿನ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಕರು ಕಟ್ಟಿ ಗೊತ್ತಿದ್ದರೆ, ಗೊನೆ ಇಳಿಸಿ ಗೊತ್ತಿದ್ದರೆ, ಹಾಯಿದೋಣಿಯ ಅರ್ಧ ವಿದ್ಯೆ ನಿಮ್ಮ ಕೈಯಲ್ಲಿ ಆಗಲೇ ಇದೆ. ಈಜು ಕಲಿತು, ಜೀವರಕ್ಷಕ ಜಾಕೆಟ್ ತೊಟ್ಟು, ಗೊತ್ತಿದ್ದವರ ಜೊತೆ ಒಮ್ಮೆ ನೀರಿಗೆ ಇಳಿಯಿರಿ. ಉಳಿದರ್ಧವನ್ನು ಗಾಳಿ ಕಲಿಸುತ್ತದೆ.