ಆತಕೂರಿನ ಕಾಳಿ ಮತ್ತು ಸಾಕಿದವನ ಹೊಣೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ತಕ್ಕೋಲದ ಯುದ್ಧದ ಆಧಾರವೆಂದು ಪರಿಚಿತ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಶಾಸನದ ಕಾಲ ಕ್ರಿ.ಶ. 949-50. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಅರಸನ ಗೆಲುವಿಗಾಗಿ ಅಲ್ಲ, ಕಾಳಿ ಎಂಬ ಒಂದು ನಾಯಿಗಾಗಿ.

ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳಿಕೊಳ್ಳಲು ಹೇಳಿದನು. ಮಣಲೆರನು ಊರನ್ನೋ ಪದವಿಯನ್ನೋ ಕೇಳದೆ ಕಾಳಿಯನ್ನು ಕೇಳಿ ಪಡೆದನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ನಾಯಿ ಮತ್ತು ಹಂದಿಯ ಕಾಳಗ ಆ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ.

ಶಾಸನದ ಕೊನೆಯ ಶಾಪವಾಕ್ಯ ವಿಶೇಷವಾಗಿ ಗಮನಾರ್ಹ. ದತ್ತಿ ಕೆಡಿಸಿದವನಿಗೆ ಗೋಹತ್ಯೆಯ, ಬ್ರಹ್ಮಹತ್ಯೆಯ ಪಾಪ ತಗಲಲಿ ಎಂಬುದು ಶಾಸನಗಳಲ್ಲಿ ಸಾಮಾನ್ಯ. ಇಲ್ಲಿ ಹಾಗಿಲ್ಲ. ಆ ಭೂಮಿಯನ್ನು ಹಾಳುಮಾಡಿದವನಿಗೂ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೂ ನಾಯಿ ಮಾಡಿದ ಪಾಪವು ತಗಲುವುದೆಂದು ಹೇಳಿದೆ. ಬೇಟೆಯಲ್ಲಿ ಕೊಂದದ್ದು ನಾಯಿ. ಕರ್ತವ್ಯ ತಪ್ಪಿದರೆ ಅದರ ಪಾಪವನ್ನು ಹೊರಬೇಕಾದವನು ಮನುಷ್ಯ. ಶಾಸನದ ಕವಿಗೆ ಈ ಉದ್ದೇಶವಿತ್ತೋ ಇಲ್ಲವೋ, ನಾಯಿಯನ್ನು ಸಾಕುವವರೆಲ್ಲರ ಹೊಣೆಯನ್ನು ಈ ಮಾತು ಒಂದೇ ಎಳೆಯಲ್ಲಿ ಹಿಡಿದಿಟ್ಟಿದೆ. ನಾಯಿಯ ಕೃತ್ಯದ ಲೆಕ್ಕ ಅದನ್ನು ನೋಡಿಕೊಳ್ಳಬೇಕಾದವನ ಹೆಸರಿನಲ್ಲಿರುತ್ತದೆ.

ಆ ಹೊಣೆ ಯಾವುದೆಂಬುದನ್ನು ವಿವರವಾಗಿ ಹೇಳುವ ಗ್ರಂಥ ಇದಕ್ಕಿಂತಲೂ ಹಳೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊಲ್ಲದಿದ್ದರೆ ಸಾಕು, ಅಹಿಂಸೆ ಉಳಿಯಿತು ಎಂದು ನೆಮ್ಮದಿಯಿಂದಿರುವವನಿಗೆ ಈ ಪಟ್ಟಿ ಎಚ್ಚರಿಕೆ. ಇವು ಕೊಲ್ಲುವವನ ದೋಷಗಳಲ್ಲ, ಸಾಕುವವನ ದೋಷಗಳು.

ಬಂಧವೆಂದರೆ ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರ ವಿವರಣೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿದವರಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ಆಳವಾದ ಎದೆ, ಒಳಸರಿದ ಹೊಟ್ಟೆ, ನೀಳ ಕಾಲುಗಳ ಆ ದೇಹ ರೂಪುಗೊಂಡಿರುವುದೇ ಬಯಲಿನ ಓಟಕ್ಕೆ. ಅದನ್ನು ತಂದು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಎರಡು ಮೊಳದ ಸರಪಳಿಗೆ ಕಟ್ಟಿ, ಹಗಲೆಲ್ಲ ಬೊಗಳುತ್ತದೆ ಎಂದು ದೂರುವವರಿದ್ದಾರೆ. ತಳಿಯ ಅಂದ ನೋಡಿ ನಾಯಿಯನ್ನು ತರುವ ಮೊದಲು ತಮ್ಮ ಮನೆಯ ಅಳತೆಯನ್ನೂ ದಿನದ ಬಿಡುವನ್ನೂ ನೋಡಿಕೊಳ್ಳುವುದು ಸಾಕುವವರ ಮೊದಲ ಕರ್ತವ್ಯ.

ವಧವೆಂದರೆ ಇಲ್ಲಿ ಪ್ರಾಣ ತೆಗೆಯುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದೆಂದು ಪೂಜ್ಯಪಾದರು ಸ್ಪಷ್ಟಪಡಿಸುತ್ತಾರೆ. ಹೊಡೆತಕ್ಕೆ ಬಹುಮಟ್ಟಿಗೆ ಕಾರಣ ನಾಯಿಯ ಭಾಷೆ ತಿಳಿಯದಿರುವುದು. ಬಾಲ ಆಡಿಸುವುದೆಲ್ಲ ಸಂತೋಷವಲ್ಲ. ಮೈ ಬಿಗಿಹಿಡಿದು, ಎತ್ತಿದ ಬಾಲವನ್ನು ಸಣ್ಣಗೆ ಆಡಿಸುವ ನಾಯಿ ಉದ್ವೇಗದಲ್ಲಿರಬಹುದು. ನಿದ್ರೆಯಿಲ್ಲದೆ ಬರುವ ಆಕಳಿಕೆ, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಖ ತಿರುಗಿಸುವುದು ಇವೆಲ್ಲ ಕಳವಳದ ಸೂಚನೆಗಳು. ಗುರುಗುಟ್ಟುವುದು ಅದರ ಎಚ್ಚರಿಕೆಯ ಮಾತು. ಅದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಅಂಥ ನಾಯಿ ಮುಂದೆ ಸದ್ದಿಲ್ಲದೆ ಕಚ್ಚೀತು.

ಛೇದಕ್ಕೆ ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದೆಂದು ಅರ್ಥ. ಚೆಲುವಿಗೆಂದು ಕೆಲವು ತಳಿಗಳ ಕಿವಿ ಬಾಲಗಳನ್ನು ಕತ್ತರಿಸುವ ರೂಢಿ ಇಂದಿಗೂ ಉಳಿದಿದೆ. ಕಿವಿ ಬಾಲಗಳು ನಾಯಿ ತನ್ನ ಮನಸ್ಸನ್ನು ಹೇಳುವ ಸಾಧನಗಳೆಂಬುದನ್ನು ನೆನೆದರೆ ಅದು ಅರ್ಧ ನಾಲಿಗೆ ಕತ್ತರಿಸಿದಂತೆಯೇ. ಅತಿಭಾರವೆಂದರೆ ಬೆನ್ನ ಮೇಲಿನ ಹೊರೆ ಮಾತ್ರವಲ್ಲ. ಮರಿಗಳ ಮಾರಾಟಕ್ಕಾಗಿ ಹೆಣ್ಣುನಾಯಿಯನ್ನು ಬಿಡುವಿಲ್ಲದೆ ಈಯಿಸುವುದೂ ಅತಿಭಾರವೇ. ಇನ್ನು ಅನ್ನಪಾನ: ಹಸಿವು ನೀರಡಿಕೆಗಳಿಂದ ಪೀಡಿಸದಿರುವುದಷ್ಟೇ ಸಾಲದು, ತಿಳಿಯದೆ ವಿಷವುಣಿಸದಿರುವುದೂ ಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪ್ರೀತಿಯಿಂದ ಕೊಟ್ಟ ಪ್ರಸಾದದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ನಾಯಿ ಮನುಷ್ಯನಂತೆ ಮೈತುಂಬ ಬೆವರುವುದಿಲ್ಲ, ತೇಕುವುದರಿಂದಲೇ ತಂಪಾಗಬೇಕು. ಆದುದರಿಂದ ಬೇಸಗೆಯಲ್ಲಿ ನೆರಳೂ ನೀರೂ ಅದಕ್ಕೆ ಜೀವವೇ.

ಶತಮಾನಗಳ ಬಳಿಕ ಇದೇ ಪಟ್ಟಿ ಬೇರೊಂದು ರೂಪದಲ್ಲಿ ಬಂದಿತು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯ್ದೆಯ 11ನೆಯ ಕಲಮು ಹೊಡೆಯುವುದು, ಅತಿಭಾರ ಹೊರಿಸುವುದು, ಅಂಗಚ್ಛೇದ ಮಾಡುವುದು, ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಅನ್ನ ನೀರು ಆಸರೆ ಕೊಡದಿರುವುದು ಇವೆಲ್ಲವನ್ನೂ ಅಪರಾಧವೆನ್ನುತ್ತದೆ. ಸದಾ ಕಟ್ಟಿಟ್ಟ ನಾಯಿಗೆ ವ್ಯಾಯಾಮ ಮಾಡಿಸದಿರುವುದನ್ನೂ, ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದನ್ನೂ ಅದು ಹೆಸರಿಸಿ ಹೇಳಿದೆ.

ಕಾಯ್ದೆ ನಾಯಿಯ ಪರವಾಗಿ ಮಾತ್ರ ಇಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಪರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನನ್ನು 1860ರ ದಂಡಸಂಹಿತೆ ತಪ್ಪಿತಸ್ಥನೆಂದಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ನಾಯಿಯ ಪಾಪ ಯಾರಿಗೆಂಬ ಪ್ರಶ್ನೆ ಇಲ್ಲಿ ಅತ್ಯಂತ ಕಠೋರವಾಗುತ್ತದೆ. ರೇಬಿಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದು ಅತಿ ವಿರಳ. ಆದರೆ ಅದನ್ನು ಲಸಿಕೆಯಿಂದ ಪೂರ್ತಿಯಾಗಿ ತಡೆಯಬಹುದು. ಮರಿಗೆ ಸುಮಾರು ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸಬೇಕು. ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಸಿಕೆ ತಪ್ಪಿಸಿದ ಮನೆಯ ನಾಯಿ ಪಕ್ಕದ ಮನೆಯ ಮಗುವನ್ನು ಕಚ್ಚಿದರೆ, ಆ ಕಚ್ಚುವಿಕೆಗೆ ಹಲ್ಲು ಮಾತ್ರ ನಾಯಿಯದು.

ಸಾಕುವುದಕ್ಕೆ ಕೊನೆಯ ಪರೀಕ್ಷೆ ನಾಯಿಯ ಮುಪ್ಪು. ಹತ್ತು ಹನ್ನೆರಡು ವರ್ಷದಲ್ಲಿ ಅದರ ಕಣ್ಣು ಮಂಜಾಗುತ್ತದೆ, ಕೀಲುಗಳು ನೋಯುತ್ತವೆ, ಮನೆಯೊಳಗೇ ಮೂತ್ರವಾಗುತ್ತದೆ. ಎಷ್ಟೋ ನಾಯಿಗಳು ಬೀದಿಗೆ ಬೀಳುವುದು ಆಗಲೇ. ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಜೀವಂಧರ ಚರಿತೆಯ ಕಥಾನಾಯಕನು, ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದವನು. ಅದು ಯಕ್ಷನಾಗಿ ಹುಟ್ಟಿ ಬಂದು ಉಪಕಾರ ಮಾಡಿತೆಂಬುದು ಕಥೆಯ ಮುಂದಿನ ಭಾಗ. ಆದರೆ ಬಗ್ಗಿ ಕುಳಿತ ಆ ಗಳಿಗೆಯಲ್ಲಿ ಜೀವಂಧರನಿಗೆ ಅದು ಗೊತ್ತಿರಲಿಲ್ಲ. ಅದು ಅವನು ಸಾಕಿದ ನಾಯಿಯೂ ಆಗಿರಲಿಲ್ಲ. ಹತ್ತು ವರ್ಷ ಬಾಗಿಲು ಕಾದ ನಾಯಿಗೆ ಅದರ ಒಡೆಯನು ಅಷ್ಟನ್ನಾದರೂ ಸಲ್ಲಿಸಬೇಡವೇ?