ಆಮೆಗೊಂದು ಒಣ ಜಾಗ: ಸೀಬೆ ಕೊಂಬೆಯನ್ನು ಸಿದ್ಧಪಡಿಸಿದ ಬಗೆ



ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರು ದಾಟಿ ತಾಳವಾಡಿಗೆ ಬರುವಾಗ ದಾರಿಯ ಬದಿಯ ಲಾಂಟಾನ ಪೊದೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಅದು ನಮ್ಮ ಬೆಟ್ಟದ ಗಿಡವಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಹೂಗಿಡ. ತೋಟದ ಬೇಲಿ ದಾಟಿ ಕಾಡು ಹೊಕ್ಕ ಮೇಲೆ ಅದನ್ನು ಯಾರಿಂದಲೂ ತಡೆಯಲಾಗಲಿಲ್ಲ. ದನಕ್ಕೆ ಬೇಕಾದ ಹುಲ್ಲೂ ಹೋಯಿತು, ಜಿಂಕೆಗೆ ಬೇಕಾದ ಹುಲ್ಲೂ ಹೋಯಿತು.

ಈ ಮಾತು ನೆನಪಾಗಲು ಒಂದು ಆಮೆ ಕಾರಣ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಊರಿಗೆ ಮರಳಿದ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಜೊತೆ ಅದೂ ಬಂತು. ಕೆನ್ನೆಯ ಮೇಲೆ ಕೆಂಪು ಪಟ್ಟೆ ಇರುವ, ಅಂಗಡಿಗಳಲ್ಲಿ ಮಕ್ಕಳಿಗಾಗಿ ಮಾರುವ ಆಮೆ. ತಂದಾಗ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿತ್ತಂತೆ; ಈಗ ಅಂಗೈ ಮೀರಿದೆ. ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲೇ ಹಗಲೂ ರಾತ್ರಿ. ಚಿಪ್ಪಿನ ಮೇಲೆ ಪಾಚಿ, ನೀರಿಗೆ ವಾಸನೆ. ಮನೆಯವರಿಗೂ ಸಾಕಾಗಿತ್ತು. "ಕೆರೆಗೆ ಬಿಟ್ಟುಬಿಡೋಣ್ವಾ? ಅದಾದರೂ ಸುಖವಾಗಿರಲಿ" ಅಂತ ಕೇಳಿದರು.

ಕೇಳಿದ್ದು ಕರುಣೆಯಿಂದಲೇ. ಆದರೂ ನಾವು ಬೇಡ ಎಂದೆವು. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಒಂದು ಅಡಿಯವರೆಗೂ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ಕೊಡುತ್ತದೆ. ಕೇರಳದ ತ್ರಿಶೂರಿನಲ್ಲಿ ಜನ ಬಿಟ್ಟ ಇಂಥ ಆಮೆಗಳು ಕಾಲುವೆಯಲ್ಲಿ ಸಿಕ್ಕಿ, ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯೇ ಅವನ್ನು ಸಂಗ್ರಹಿಸಬೇಕಾಯಿತು. ಒಂದು ಲಾಂಟಾನ ನಮಗೆ ಸಾಕು.

ಬೇಡ ಎನ್ನುವುದು ಸುಲಭ. ಆದರೆ ಟಬ್ಬಿನಲ್ಲಿ ಹಾಗೇ ಇರಲಿ ಎನ್ನುವುದು ನ್ಯಾಯವಲ್ಲ. ಫೋನಿನಲ್ಲಿ ಕೇಳಿದಾಗ ಪಶುವೈದ್ಯರೊಬ್ಬರು ಹೇಳಿದ್ದು ಇಷ್ಟು: ಆಮೆ ಪೂರ್ತಿ ನೀರಿನಿಂದ ಹೊರಬಂದು ಮೈ ಒಣಗಿಸಿಕೊಳ್ಳಬೇಕು. ಇಲ್ಲದಿದ್ದರೆ ಚಿಪ್ಪು ಕೊಳೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಬೀಳದಿದ್ದರೆ ಡಿ ವಿಟಮಿನ್ ಆಗದು, ಸುಣ್ಣದ ಅಂಶ ಮೈಗೆ ಹಿಡಿಯದು, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಈ ಪ್ರಯೋಜನವಿಲ್ಲ. ಹಾಗಾಗಿ ಬಿಸಿಲು ಬೀಳುವ ಕಡೆ ಟಬ್ಬಿಟ್ಟು, ಅರ್ಧಕ್ಕೆ ನೆರಳು ಮಾಡಿ, ಹತ್ತಿ ಕೂರಲು ಒಂದು ಮರದ ತುಂಡು ಕೊಡಲು ತೀರ್ಮಾನಿಸಿದೆವು.

ಯಾವ ಮರ? ಕಾಡಿಗೆ ಹೋಗಿ ಒಂದು ಒಣ ಕೊಂಬೆ ತಂದರಾಯಿತು ಎಂದರು ಚಿಕ್ಕವರು. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಂದ ಕಟ್ಟಿಗೆ ತರುವಂತಿಲ್ಲ. ಅಲ್ಲದೆ ಕಾಡಿನಲ್ಲಿ ಬಿದ್ದ ಒಣಮರ ಹಾವುರಾಣಿಗೆ, ಚೇಳಿಗೆ, ಗೆದ್ದಲಿಗೆ ಮನೆ. ಒಂದು ಪ್ರಾಣಿಗೆ ಮನೆ ಮಾಡಲು ಇನ್ನೊಂದರ ಮನೆ ಕೀಳುವುದೇಕೆ?

ಊರಿನಲ್ಲಿ ಸಿಗುವುದನ್ನೂ ಸೋಸಿ ನೋಡಬೇಕು. ಕಣಗಿಲೆಯ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಕುದಿಸಿದರೂ ನಂಬುವಂತಿಲ್ಲ. ಎಕ್ಕ, ಕಳ್ಳಿಯಂಥ ಹಾಲು ಬರುವ ಗಿಡಗಳು ಬೇಡ. ಅಂಟು, ಗಾಢ ವಾಸನೆ ಇರುವ ಪೈನ್, ಹಸಿ ನೀಲಗಿರಿಯೂ ಬೇಡ. ಗೆದ್ದಲು ಹತ್ತದಿರಲೆಂದು ಹಳೆಯ ಎಂಜಿನ್ ಆಯಿಲ್ ಬಳಿದ ಕೊಟ್ಟಿಗೆ ಕಂಬ, ಬಣ್ಣ ಹಚ್ಚಿದ ಹಲಗೆ ಮುಟ್ಟಲೇಬೇಡಿ. ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ 'ಎಂಬಿ' ಎಂಬ ಮುದ್ರೆ ಇದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಎಂದರ್ಥ. ಕೋಸು, ಬಾಳೆ, ಅರಿಶಿನಕ್ಕೆ ಔಷಧಿ ಹೊಡೆಯುವ ಹೊಲದ ಬದುವಿನ ಮರವೂ ಬೇಡ.

ಕೊನೆಗೆ ಸಿಕ್ಕಿದ್ದು ಒಂದು ಮನೆಯ ಹಿತ್ತಲಿನಲ್ಲಿ, ಔಷಧಿ ಕಾಣದ ಸೀಬೆ ಮರದ ಕೊಂಬೆ. ಹಿಂದಿನ ವರ್ಷ ಸವರಿ ನೆರಳಲ್ಲಿ ಒಟ್ಟಿದ್ದರಿಂದ ಚೆನ್ನಾಗಿ ಒಣಗಿತ್ತು. ಹಸಿ ಮರ ನೀರಿನಲ್ಲಿ ಬೇಗ ಬೂಸ್ಟು ಹಿಡಿಯುತ್ತದೆ. ಸೀಬೆ ಗಟ್ಟಿ ಮರ, ಅಂಟಿಲ್ಲ, ಸಿಬಿರು ಏಳುವುದೂ ಕಡಿಮೆ.

ಮುಂಗೈ ದಪ್ಪದ, ಕವಲಿರುವ ಒಂದೂವರೆ ಅಡಿ ತುಂಡು ಆರಿಸಿದೆವು. ನೆಲಕ್ಕೆ ಕುಟ್ಟಿ ಇರುವೆ ಉದುರಿಸಿ, ತೊಗಟೆ ಪೂರ್ತಿ ಸುಲಿದೆವು. ನೀರಿನಲ್ಲಿ ಮೊದಲು ಕೊಳೆಯುವುದು ತೊಗಟೆಯೇ. ತೆಂಗಿನ ನಾರಿನಿಂದ ಬರೀ ನೀರು ಹಾಕಿ ಉಜ್ಜಿದೆವು. ಸೋಪು, ಫಿನೈಲ್ ಬೇಡ. ಮರ ಅದನ್ನು ಹೀರಿಕೊಂಡು ನಿಧಾನವಾಗಿ ನೀರಿಗೆ ಬಿಡುತ್ತದೆ. ಚೂಪಾದ ತುದಿಗಳಿಗೆ ಉಪ್ಪುಕಾಗದ ಹಿಡಿದು, ನಡುಭಾಗವನ್ನು ಉಗುರು ಕಚ್ಚಲೆಂದು ಒರಟಾಗಿಯೇ ಬಿಟ್ಟೆವು.

ಆಮೇಲೆ ಕುದಿಸುವುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಾಂಟಾನ ಕೋಲುಗಳನ್ನು ಕುದಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ ಮಾಡುತ್ತಾರೆ. ಅದು ಕೂರಲು ಸರಿ. ಆದರೆ ಲಾಂಟಾನ ಸೊಪ್ಪು ತಿಂದ ದನ ಕಾಯಿಲೆ ಬೀಳುವುದನ್ನು ಕಂಡ ನಾವು ಆ ಕೋಲನ್ನು ಆಮೆಯ ನೀರಿಗೆ ಹಾಕುವುದಿಲ್ಲ. ಕುದಿತ ಹುಳು, ಮೊಟ್ಟೆ, ಬೂಸ್ಟನ್ನು ಕೊಲ್ಲುತ್ತದೆ. ಗಿಡದ ವಿಷವನ್ನೆಲ್ಲ ತೆಗೆಯುವುದಿಲ್ಲ.

ಅಡುಗೆಗೆ ಬಳಸದ ಹಳೆಯ ಹಂಡೆಯಲ್ಲಿ, ಅಂಗಳದ ಒಲೆಯ ಮೇಲೆ, ದೊಡ್ಡವರು ಪಕ್ಕದಲ್ಲಿದ್ದು ಎರಡು ಗಂಟೆ ಕುದಿಸಿದೆವು. ತೇಲದಂತೆ ಮೇಲೆ ಕಲ್ಲು. ಕುಕ್ಕರ್ ಬಳಸಬೇಡಿ. ನೀರು ಟೀ ಬಣ್ಣಕ್ಕೆ ತಿರುಗಿತು, ಅದು ಟ್ಯಾನಿನ್. ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿದೆವು. ಬಳಿಕ ಹತ್ತು ದಿನ ಬಕೆಟ್‌ನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಿದೆವು. ಪಾಳಿ ಹಾಕಿಕೊಂಡಿದ್ದರಿಂದ ಒಂದು ದಿನವೂ ತಪ್ಪಲಿಲ್ಲ.

ಇಡುವಾಗ ಎರಡು ವಿಷಯ. ಕೊಂಬೆ ಇಳಿಜಾರಾಗಿ ನೀರಿನಿಂದ ಮೇಲೇಳಬೇಕು, ಅಲುಗಬಾರದು. ಚಪ್ಪಟೆ ಕಲ್ಲುಗಳ ನಡುವೆ ಬಿಗಿಯಾಗಿ ಸಿಕ್ಕಿಸಿದೆವು. ಕೆಳಗೆ ಇಕ್ಕಟ್ಟಾದ ಸಂದು ಉಳಿಯಬಾರದು. ಆಮೆ ನೀರಿನಲ್ಲಿದ್ದರೂ ಉಸಿರಾಡುವುದು ಶ್ವಾಸಕೋಶದಿಂದ; ಸಂದಿನಲ್ಲಿ ಸಿಕ್ಕಿಕೊಂಡರೆ ಮುಳುಗಿ ಸಾಯುತ್ತದೆ.

ಎರಡು ದಿನ ಅದು ಕೊಂಬೆಯ ಹತ್ತಿರವೂ ಸುಳಿಯಲಿಲ್ಲ. ಮೂರನೇ ದಿನ ಹತ್ತಿ, ಹಿಂಗಾಲು ಚಾಚಿ, ಕತ್ತು ಎತ್ತಿ ಕೂತಿತಂತೆ. ಮೊದಲ ವಾರ ಮರದ ಮೇಲೆ ಬಿಳಿ ಲೋಳೆ ಕಂಡರೆ ಹೆದರಬೇಡಿ, ಉಜ್ಜಿ ತೊಳೆಯಿರಿ. ಮರ ಮೆತ್ತಗಾಗಿ ನಾರತೊಡಗಿದರೆ ಬಿಸಾಡಿ ಹೊಸದು ಮಾಡಿ. ಆಮೆ, ಮರ, ನೀರು ಏನು ಮುಟ್ಟಿದರೂ ಸೋಪಿನಲ್ಲಿ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಸೋಂಕು ಮಕ್ಕಳಿಗೆ ತಗಲುತ್ತದೆಂದೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದರು.

ಒಂದು ಎಚ್ಚರಿಕೆಯ ಮಾತು. ಇದನ್ನು ಓದಿ ಯಾರೂ ಹೊಲದಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನೋ ಉಡವನ್ನೋ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅವಕ್ಕೆ ಈ ಬೆಟ್ಟವೇ ಮನೆ. ನಾವು ಏನನ್ನೂ ಮಾಡಿಕೊಡಬೇಕಿಲ್ಲ. ಹೊಸದಾಗಿ ಆಮೆ ಕೊಳ್ಳುವ ಆಸೆಯಿದ್ದರೆ, ಆ ಮಗು ಮದುವೆಯ ವಯಸ್ಸಿಗೆ ಬಂದಾಗಲೂ ಆಮೆ ಇರುತ್ತದೆ ಎಂಬುದನ್ನು ಯೋಚಿಸಿ.

ಈಗಾಗಲೇ ಮನೆಯಲ್ಲಿದ್ದು, ಬಿಟ್ಟುಬಿಡೋಣ ಅನಿಸುತ್ತಿದ್ದರೆ ದಯವಿಟ್ಟು ಮೊದಲು ನಮಗೆ ಹೇಳಿ. ಹಂಡೆ ಇದೆ, ಸೀಬೆ ಕೊಂಬೆ ಇನ್ನೂ ನಾಲ್ಕು ಒಣಗುತ್ತಿವೆ. ಭಾನುವಾರ ಪೂಜೆ ಮುಗಿದ ಮೇಲೆ ನಾವೇ ಬಂದು ಕುದಿಸಿಕೊಡುತ್ತೇವೆ.